ಕಪ್ಪು ಕುಳಿಯ ‘ಹಲೆ’

ನಮ್ಮ ಮನೆಯ ಮಾತಿನಲ್ಲಿ ಹಕಾರವಿಲ್ಲ. ಅಕ್ಕೂರಿನ ನಮ್ಮ ರೇಷ್ಮೆಮನೆಯಲ್ಲಿ ಸಾಕುವುದು ಹುಳವಲ್ಲ, ಉಳ. ಕೊಟ್ಟಿಗೆಯಲ್ಲಿ ಕರೆಯುವುದು ಹಾಲಲ್ಲ, ಆಲು. ಇದಕ್ಕೆ ಜನ ನಗುತ್ತಾರೆಂದು ನನಗೆ ತಿಳಿದದ್ದು ಎಂ.ಎಸ್ಸಿ. ಓದುವಾಗ, ಹಾಸ್ಟೆಲಿನಲ್ಲಿ. ನಮ್ಮ ವಂಶದಲ್ಲಿ ಪದವಿ ಪಡೆದವಳು ನಾನೇ ಮೊದಲಾದ್ದರಿಂದ, ಅದಕ್ಕೆ ಮುಂಚೆ ತಿದ್ದುವವರು ಯಾರೂ ಇರಲಿಲ್ಲ. ಅಂದಿನಿಂದ ಪ್ರತಿ ಪದದ ಮುಂದೆಯೂ ಕ್ಷಣ ನಿಂತು, ಇಲ್ಲಿ ಹಕಾರ ಬೇಕೇ ಬೇಡವೇ ಎಂದು ವಿಚಾರಿಸಿಕೊಂಡೇ ಮಾತನಾಡತೊಡಗಿದೆ. ಇದರ ಕಷ್ಟವೆಂದರೆ, ಭಯವಾದಾಗ ಅದು ಬೇಡದ ಕಡೆಯೂ ಬಂದು ಕೂರುತ್ತದೆ.

ಕನಕಪುರದ ಕಾಲೇಜೊಂದರಲ್ಲಿ ಉಪನ್ಯಾಸಕಿಯ ಕೆಲಸಕ್ಕೆಂದು ಡೆಮೋ ತರಗತಿ ತೆಗೆದುಕೊಂಡಿದ್ದೆ. “ವಿಷಯ ಚೆನ್ನಾಗಿದೆ, ಉಚ್ಚಾರಣೆ ತಿದ್ದಿಕೊಳ್ಳಿ” ಎಂದು ಹೇಳಿ ಕಳುಹಿಸಿಬಿಟ್ಟರು. ಆದ್ದರಿಂದ ಚನ್ನಪಟ್ಟಣದ ಪಿಯು ಕಾಲೇಜಿನಿಂದ ಕರೆ ಬಂದಾಗ, ಇದೂ ತಪ್ಪಿದರೆ ಭೌತಶಾಸ್ತ್ರವನ್ನೇ ಬಿಟ್ಟು ಬೇರೆ ದಾರಿ ನೋಡಿಕೊಳ್ಳುವುದೆಂದು ನಿಶ್ಚಯಿಸಿಕೊಂಡೇ ಹೊರಟೆ. “ಎದ್ರುಕೋಬ್ಯಾಡ ಕಣವ್ವಾ, ಅವ್ರೇನು ಕಚ್ಚಾಕಿಲ್ಲ” ಎಂದು ಅವ್ವ ಧೈರ್ಯ ಹೇಳಿದಳು.

ತರಗತಿಯ ಕೊನೆಯ ಬೆಂಚಿನಲ್ಲಿ ಪ್ರಾಂಶುಪಾಲರೂ ಅವರ ಪಕ್ಕದಲ್ಲಿ ಹಿರಿಯ ಭೌತಶಾಸ್ತ್ರ ಉಪನ್ಯಾಸಕರೂ ಕುಳಿತಿದ್ದರು. ಮಕ್ಕಳು ಬಹುಪಾಲು ಕನ್ನಡ ಮಾಧ್ಯಮದಿಂದ ಬಂದವರಾದ್ದರಿಂದ ಕನ್ನಡದಲ್ಲೇ ವಿವರಿಸಬೇಕೆಂದು ಸೂಚಿಸಿದ್ದರು. ಎಲೆಕ್ಟ್ರಾನ್ ಕಣವೂ ಹೌದು, ಅಲೆಯೂ ಹೌದು ಎಂಬುದು ನನ್ನ ಪಾಠ. ವಸ್ತು ಭಾರವಾದಷ್ಟೂ ಅದರ ಅಲೆಯ ಉದ್ದ ಕಡಿಮೆ ಎಂದು ಬೋರ್ಡಿನ ಮೇಲೆ ಬರೆಯುವವರೆಗೂ ಎಲ್ಲವೂ ಸರಿಯಾಗಿಯೇ ನಡೆಯಿತು.

ಆಗ ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮೇಡಂ, ಕಪ್ಪು ಕುಳಿ ಭಾಳ ಪುಟ್ದಾಗಿದ್ರೆ, ಅದುಕ್ಕೂ ಎಲೆಕ್ಟ್ರಾನ್ ಥರ ಅಲೆ ಇರ್ತದಾ?”

ಪ್ರಶ್ನೆ ಪಠ್ಯದಲ್ಲಿರಲಿಲ್ಲ. ಅದರ ಉತ್ತರ ನಾನು ಓದಿದ ಪುಸ್ತಕಗಳಲ್ಲೂ ಪೂರ್ತಿಯಾಗಿ ಇರಲಿಲ್ಲ. ಕೊನೆಯ ಬೆಂಚಿನ ಕಡೆ ನೋಡಿದೆ. “ಕಪ್ಪು ಕುಳಿಯ ಹಲೆ...” ಎಂದೆ. ತಪ್ಪು ನನ್ನ ಕಿವಿಗೇ ಬಿತ್ತು. ತಿದ್ದಲು ಹೋಗಿ ಮತ್ತೂ ಗಟ್ಟಿಯಾಗಿ “ಹಲೆ” ಎಂದೆ.

“ಹಲ್ಲೆಯಂತೆ ಕಣ್ಲಾ! ಕಪ್ಪು ಕುಳಿ ಹಲ್ಲೆ ಮಾಡ್ತದಂತೆ!” ಎಂದು ಕಿಟಕಿಯ ಪಕ್ಕದ ಹುಡುಗ ಹೇಳಿದ.

“ಅಂಗಾದ್ರೆ ಸ್ಟೇಷನ್‌ಗೆ ಕಂಪ್ಲೇಂಟ್ ಕೊಡ್ಲಾ” ಎಂದ ಅವನ ಜೊತೆಗಾರ.

ಇಡೀ ತರಗತಿ ನಕ್ಕಿತು. ಕೆಲಸ ಹೋಯಿತೆಂದುಕೊಂಡೆ. ಪ್ರಶ್ನೆ ಕೇಳಿದ ಹುಡುಗಿ ಮಾತ್ರ ನಗದೆ, ಕೂರದೆ, ನನ್ನನ್ನೇ ನೋಡುತ್ತಿದ್ದಳು.

ಹಿಂದಿನ ಬೆಂಚಿನಿಂದ ಹಿರಿಯ ಉಪನ್ಯಾಸಕರ ದನಿ ಬಂದಿತು. “ಸುಮ್ನಿರ್ರಲಾ, ನಂಗೂ ಉತ್ತರ ಬೇಕು. ಯೋಳಿ ಮೇಡಂ, ಆ ಹಲೆ ಎಷ್ಟುದ್ದ?”

ಅವರು ನನ್ನನ್ನು ಹಂಗಿಸಿದರೋ, ಆ ಪದದಲ್ಲಿ ನನಗೆ ಜೊತೆಯಾದರೋ, ಇಂದಿಗೂ ತಿಳಿಯದು. ನಗುವಂತೂ ನಿಂತಿತು. ತೂಕ ಹೆಚ್ಚಿದರೆ ಅಲೆ ಕುಗ್ಗುತ್ತದೆ, ಆದರೆ ಕಪ್ಪು ಕುಳಿ ಹಿಗ್ಗುತ್ತದೆ ಎಂದು ಎರಡು ಗೆರೆ ಎಳೆದು ತೋರಿಸಿದೆ. ಒಂದು ರೇಷ್ಮೆ ಮೊಟ್ಟೆಗಿಂತ ಎಷ್ಟೋ ಹಗುರವಾದ ಯಾವುದೋ ತೂಕದಲ್ಲಿ ಆ ಗೆರೆಗಳು ಸಂಧಿಸುತ್ತವೆ. ಅದಕ್ಕಿಂತಲೂ ಹಗುರವಾದರೆ ಕುಳಿಗಿಂತ ಅದರ ಅಲೆಯೇ ದೊಡ್ಡದು; ಆಗ ಅದನ್ನು ಕುಳಿ ಎನ್ನಬಹುದೇ ಎಂಬುದೇ ಅನುಮಾನ. ಮುಂದಿನದನ್ನು ಗ್ರಂಥದ ಕನ್ನಡದಲ್ಲಿ ಹೇಳಲು ನನ್ನಿಂದ ಆಗಲಿಲ್ಲ.

“ತೆಂಗಿನ ಸಸಿ ಇಡಕ್ಕೆ ಗುಣಿ ತೋಡ್ತೀವಲ್ಲ? ಕಲ್ಲಾದ್ರೆ ಎತ್ತಿ ಆ ಕಡೆ ಇಡಬೌದು. ಗುಣಿ ಎತ್ತಿಡಕ್ಕಾಯ್ತದಾ? ಅದು ನೆಲದ್ದೇ ಆಕಾರ. ಕಪ್ಪು ಕುಳಿನೂ ಅಂಗೇ, ಜಾಗದ್ದೇ ಆಕಾರ. ಅದು ಅಲೆ ಥರ ಅಲ್ಲೂ ಐತೆ, ಇಲ್ಲೂ ಐತೆ ಅಂದ್ರೆ, ಸುತ್ತಲ ಜಾಗನೇ ಒಂದೇ ಸಲಕ್ಕೆ ಎರಡು ಆಕಾರದಲ್ಲಿರ್ಬೇಕು. ಇರಬೌದು ಅಂತ ಭಾಳ ಜನ ನಂಬವ್ರೆ. ಅದನ್ನ ಪೂರ್ತಿ ಲೆಕ್ಕ ಆಕೋದು ಎಂಗೆ ಅಂತ ಇನ್ನೂ ಯಾರ್ಗೂ ಗೊತ್ತಿಲ್ಲ.”

“ನಿಮ್ಗೂ ಗೊತ್ತಿಲ್ವಾ ಮೇಡಂ?” ಎಂದು ಕಿಟಕಿಯ ಪಕ್ಕದ ಹುಡುಗ ಕೇಳಿದ.

“ನಂಗೂ ಗೊತ್ತಿಲ್ಲ.”

“ಎಕ್ಸಾಮ್‌ಗೆ ಬತ್ತದಾ?”

“ಬರಾಕಿಲ್ಲ.”

“ಅಂಗಾದ್ರೆ ಬುಡಿ!” ಎಂದ. ಮತ್ತೆ ನಗು. ಈ ಸಲ ನಾನೂ ನಕ್ಕೆ.

ಅರ್ಧ ಗಂಟೆಯ ಬಳಿಕ ಪ್ರಾಂಶುಪಾಲರ ಕೊಠಡಿಗೆ ಕರೆದರು. “ಭಾಷೆ ಸ್ವಲ್ಪ ನಮ್ಮ ಹಳ್ಳಿ ಕಡೆಗೆ ಹೋಯಿತು” ಎಂದು ಅವರು ಆರಂಭಿಸಿದರು. ನಾನು ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

“ಮಕ್ಳೂ ಆ ಕಡೆಯಿಂದ್ಲೇ ಬರೋದು ಸಾರ್” ಎಂದರು ಅಲ್ಲೇ ಕುಳಿತಿದ್ದ ಹಿರಿಯ ಉಪನ್ಯಾಸಕರು. “ಗೊತ್ತಿಲ್ಲ ಅಂತ ಬೋರ್ಡ್ ಮುಂದೆ ನಿಂತ್ಕೊಂಡು ಅನ್ನೋಕೆ ನಂಗೆ ಎಷ್ಟೋ ವರ್ಷ ಬೇಕಾಯ್ತು.”

ಪ್ರಾಂಶುಪಾಲರು ನಕ್ಕುಬಿಟ್ಟರು. “ಆಗಲಿ. ಸೋಮವಾರದಿಂದ ಬನ್ನಿ. ಆದರೆ ಮೇಡಂ, ಮೊದಲು ಪೋರ್ಷನ್ ಮುಗಿಸಿ.”

ಮೆಟ್ಟಿಲ ಬಳಿ ಆ ಹುಡುಗಿ ಕಾಯುತ್ತಿದ್ದಳು. “ಮೇಡಂ, ಅಷ್ಟು ಪುಟ್ಟ ಕುಳಿ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಆವಿಯಾಗೋಯ್ತದೆ ಅಂತ ಎಲ್ಲೋ ಓದಿದ್ದೆ. ಅಂಗಾದ್ರೆ ಅದರ ಅಲೆ ನೋಡಕ್ಕೆ ಟೈಮೆಲ್ಲಿ ಸಿಗ್ತದೆ?”

“ಓದ್ಕೊಂಡು ಬತ್ತೀನಿ, ಸೋಮವಾರ ಕೇಳು” ಎಂದೆ. ಹಾಗೆ ಹೇಳಲು ನನಗೀಗ ಒಂದು ಸೋಮವಾರವಿತ್ತು.