ಚಿಗಳಿಯ ಮಾತು

ನಿನ್ನ ಗುಟ್ಟನ್ನು ಬಯಲು ಮಾಡಿದವಳು ನಾನೇ, ಭವ್ಯಾ. ಬಾಯಿತಪ್ಪಿ ಅಲ್ಲ — ಗೊತ್ತಿದ್ದೇ, ನಗುನಗುತ್ತಾ, ಚಿಂತಾಮಣಿಯ ಒಂದು ಕಿರಾಣಿ ಅಂಗಡಿಯ ಮುಂದೆ ನಿಂತು. ಮಾರನೆಯ ದಿನ ಡಾಕ್ಟರ ಎದುರು ಸುಳ್ಳನ್ನೂ ಹೇಳಿದೆ. ಭವ್ಯ ಎನ್ನುವುದು ನಿನ್ನ ನಿಜವಾದ ಹೆಸರಲ್ಲ. ಇದನ್ನು ಬರೆಯುವ ಮೊದಲು ಫೋನು ಮಾಡಿ ನಿನ್ನ ಒಪ್ಪಿಗೆ ಕೇಳಿದ್ದೇನೆ. ಕೇಳುವುದನ್ನು ಈಗಲಾದರೂ ಕಲಿತಿದ್ದೇನೆ.

ಆಗ ನಾನು ಚಿಂತಾಮಣಿ ಕಡೆಯ ಒಂದು ಹಳ್ಳಿ ಆಸ್ಪತ್ರೆಯಲ್ಲಿ ನರ್ಸು. ಹದಿಹರೆಯದ ಮಕ್ಕಳಿಗೆಂದು ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಅವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಮಾತಿಗೇನು ಕಡಿಮೆ — ನನ್ನದು ಮೊದಲೇ ಬಾಯಿ ಬೊಂಬಾಯಿ. ನೀನು ಹತ್ತನೇ ತರಗತಿ. ಹೊಟ್ಟೆನೋವು ಅಂತ ಬಂದವಳು ನಾನು ಕೇಳುತ್ತಾ ಹೋದಂತೆ ಅತ್ತುಬಿಟ್ಟೆ. ಮೈನೆರೆದಾಗಿದೆ, ಮನೆಯಲ್ಲಿ ಯಾರಿಗೂ ಹೇಳಿಲ್ಲ.

"ಆರತಿ ಮಾಡಿದ್ಮೇಲೆ ಅಕ್ಕನ್ನ ಸ್ಕೂಲ್ ಬಿಡಿಸ್ಬಿಟ್ರು ಸಿಸ್ಟರ್, ಮದ್ವೆ ಮಾಡ್ಬಿಟ್ರು. ನನ್ನೂ ಮಾಮಂಗೆ ಕೊಡ್ತಾರೆ. ಪರೀಕ್ಷೆ ಮುಗಿಯೋವರ್ಗೂ ಯಾರ್ಗೂ ಹೇಳ್ಬೇಡಿ."

"ಹೇಳಲ್ಲ ಕಣಮ್ಮ" ಎಂದೆ.

ತರಬೇತಿಯಲ್ಲಿ ನಮಗೆ ಬಿಡಿಸಿ ಹೇಳಿದ್ದರು. ಮಕ್ಕಳು ಆ ಕೋಣೆಯಲ್ಲಿ ಹೇಳಿದ್ದು ಆ ಕೋಣೆಯಲ್ಲೇ ಇರಬೇಕು. ಜೀವಕ್ಕೆ ಅಪಾಯ ಇದ್ದರೆ, ಯಾರಾದರೂ ಮಗುವಿಗೆ ಕೇಡು ಮಾಡಿದ್ದರೆ, ಆಗ ಮಾತ್ರ ಹೇಳಬೇಕಾದವರಿಗೆ ಹೇಳಬೇಕು. ನಾನೂ ತಲೆಯಾಡಿಸಿದ್ದೆ. ಆದರೆ ನನ್ನ ತಲೆಯೊಳಗೆ ಇಳಿದದ್ದೇ ಬೇರೆ. ಗುಟ್ಟು ಎಂದರೆ ಕೆಟ್ಟ ಸುದ್ದಿ ಎಂದುಕೊಂಡಿದ್ದೆ. ಕಾಯಿಲೆ, ಕುಡಿತ, ಪ್ರೇಮ — ಇವನ್ನು ಮುಚ್ಚಿಡಬೇಕು. ಹುಡುಗಿ ದೊಡ್ಡವಳಾದದ್ದು ಶುಭ; ಎಳ್ಳು ಬೆಲ್ಲ ಕುಟ್ಟಿ, ಚಿಗಳಿ ಉಂಡೆ ಕಟ್ಟಿ, ಅವಳಿಗೆ ತಿನ್ನಿಸಿ ಬೀದಿಗೆಲ್ಲ ಹಂಚುವ ಸುದ್ದಿ. ಶುಭಕ್ಕೆ ಎಂಥ ಗುಟ್ಟು? ಹೀಗೆ ತಿಳಿದವರು ನಮ್ಮಲ್ಲಿ ಇನ್ನೂ ಬಹಳ ಮಂದಿ ಇದ್ದರು — ಬೇಡ, ಅವರ ಮಾತು ಇಲ್ಲಿ ಬೇಡ. ನಾನು ಹಾಗೆ ತಿಳಿದಿದ್ದೆ.

ಸಂಕ್ರಾಂತಿ ಹತ್ತಿರವಿತ್ತು. ನಿನ್ನಮ್ಮ ಅಂಗಡಿಯಲ್ಲಿ ಎಳ್ಳು ತೂಗಿಸುತ್ತಿದ್ದರು. ಸಂಭ್ರಮದಲ್ಲಿ ಭಾಗಿಯಾಗುವ ಚಪಲ ನನಗೆ, ಬೇರೇನೂ ಅಲ್ಲ.

"ಎಳ್ಳು ಜಾಸ್ತೀನೇ ತಗೊಳ್ಳಮ್ಮ. ಮನೇಲಿ ಚಿಗಳಿ ಕುಟ್ಟೋದಿದೆಯಲ್ಲ!"

ಅಂಗಡಿಯವನು ನಕ್ಕ. ನಿನ್ನಮ್ಮ ನಗಲಿಲ್ಲ. ಚಿಗಳಿಯನ್ನು ನಿಮ್ಮ ಮನೆಯ ತೆಲುಗಿನಲ್ಲಿ "ಚಿಮ್ಮಿಲಿ..." ಎಂದು ತಮ್ಮಷ್ಟಕ್ಕೆ ಅಂದುಕೊಂಡು, "ಯಾರಿಗೆ ಸಿಸ್ಟರ್?" ಎಂದರು. ನಾನು ನಗುತ್ತಾ ನಿಂತೆ. ನಿಮ್ಮ ಮನೆಯಲ್ಲಿ ನೆರೆಯಬೇಕಾದವಳು ನೀನೊಬ್ಬಳೇ. ಆ ನಗುವೇ ಸಾಕಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಾರನೆಯ ದಿನ ನಿನ್ನನ್ನು ಎಳೆದುಕೊಂಡೇ ಆಸ್ಪತ್ರೆಗೆ ಬಂದರು. ಡಾಕ್ಟರ ಎದುರೇ ಕೇಳಿದರು:

"ನಿಮ್ಗೆ ಗೊತ್ತಿದ್ದೂ ನಮ್ಗೆ ಹೇಳ್ಲಿಲ್ವಾ ಸಿಸ್ಟರ್? ಇವ್ಳು ದೇವ್ರ ದೀಪ ಎಲ್ಲಾ ಹಚ್ತಿದ್ಲಲ್ಲ!"

"ನಂಗೇನ್ ಗೊತ್ತಮ್ಮ? ತಮಾಷೆಗೆ ಅಂದೆ" ಎಂದುಬಿಟ್ಟೆ.

ಡಾಕ್ಟರು ನಿನ್ನನ್ನು ಕೇಳಿದರು — ಸಿಸ್ಟರಿಗೆ ಏನಾದರೂ ಹೇಳಿದ್ದೆಯೇನಮ್ಮ? ನೀನು ನನ್ನ ಮುಖ ನೋಡಿದೆ. ಹೂಂ ಎಂದಿದ್ದರೆ ಮುಚ್ಚಿಟ್ಟದ್ದಕ್ಕೆ ನಿನ್ನಮ್ಮನೂ, ಬಿಚ್ಚಿಟ್ಟದ್ದಕ್ಕೆ ಡಾಕ್ಟರೂ ನನ್ನನ್ನು ಹಿಡಿಯುತ್ತಿದ್ದರು.

"ಇಲ್ಲ ಸಾರ್. ಸಿಸ್ಟರ್‌ಗೆ ನಾನೇನೂ ಹೇಳಿಲ್ಲ."

ನಿನ್ನ ಗುಟ್ಟನ್ನು ನಾನು ಕಾಯಲಿಲ್ಲ. ನನ್ನದನ್ನು ನೀನು ಕಾದೆ.

ಆರತಿ ಆಯಿತು. ಚಿಗಳಿ ನಮ್ಮ ಆಸ್ಪತ್ರೆಗೂ ಬಂತು. ಎಲ್ಲರ ಜೊತೆ ನಾನೂ ಕೈಯೊಡ್ಡಿದೆ, ತಿಂದೆ. ನಿನ್ನ ಸ್ಕೂಲು ನಿಂತಿತು. ಆ ವರ್ಷ ನೀನು ಪರೀಕ್ಷೆ ಬರೆಯಲಿಲ್ಲ. ಮಂಡಿಕಲ್ ಕಡೆಯ ಸೋದರಮಾವನ ಜೊತೆ ಮದುವೆಯ ಮಾತು ಶುರುವಾಯಿತು ಎಂದು ಕೇಳಿದೆ. ಹೋಗಿ, ಇದು ಬಾಲ್ಯವಿವಾಹ, ತಪ್ಪು ಎಂದು ಹೇಳಬೇಕಿತ್ತು. ಹೇಳಲೇಬೇಕಾದ ಜಾಗ ಇದ್ದರೆ ಅದೊಂದೇ — ಅಲ್ಲಿ ನನ್ನ ಬಾಯಿ ಏಳಲಿಲ್ಲ. ಹೋದರೆ ನಿನ್ನ ಎದುರು ನಿಲ್ಲಬೇಕಲ್ಲ.

ನಿನ್ನನ್ನು ಉಳಿಸಿದ್ದು ಆ ಮಾವನೇ. ಮದುವೆ ಬೇಡ, ಓದಬೇಕು ಎಂದು ನೀನು ಅವರ ಹತ್ತಿರವೇ ನೇರವಾಗಿ ಕೇಳಿಕೊಂಡೆಯಂತೆ. ಅವರು ನಿನ್ನಮ್ಮನಿಗೆ, "ಎತ್ಕೊಂಡು ಆಡ್ಸಿದ ಮಗೂನ ಹೆಂಗಕ್ಕ ಮದ್ವೆ ಆಗ್ಲಿ? ಓದ್ಲಿ ಬಿಡು" ಎಂದರಂತೆ. ಇವತ್ತಿಗೂ ನಾನು ಅವರ ಮುಖ ನೋಡಿಲ್ಲ. ಅವರ ಹೆಸರಿನಲ್ಲಿ ದೇವರಿಗೆ ಕೈ ಮುಗಿಯುತ್ತೇನೆ. ಆ ಒಂದು ವರ್ಷ ಹೋಗೇ ಹೋಯಿತು — ಆದರೆ ನೀನು ಮುಂದಿನ ಸಲ ಪರೀಕ್ಷೆ ಕಟ್ಟಿದೆ, ಓದಿದೆ, ಈಗ ತೊಂಡೇಬಾವಿ ಕಡೆಯ ಶಾಲೆಯಲ್ಲಿ ಟೀಚರು.

ಕಳೆದ ತಿಂಗಳು, ಈಗ ನಾನು ಕೆಲಸ ಮಾಡುವ ಗೌರಿಬಿದನೂರಿನ ಆಸ್ಪತ್ರೆಯಲ್ಲಿ, ನನ್ನ ಕೋಣೆಗೆ ನೀನು ಬಂದೆ. ಪಕ್ಕದಲ್ಲಿ ಅಕ್ಕನ ಮಗಳು, ಕಣ್ಣು ಕೆಳಗೆ. ನೀನು ಅವಳನ್ನು ಕುರ್ಚಿಯಲ್ಲಿ ಕೂರಿಸಿ, "ಸಿಸ್ಟರ್ ಹತ್ರ ಏನಿದ್ರೂ ಹೇಳು ಪುಟ್ಟ, ನಾನು ಹೊರಗಿರ್ತೀನಿ" ಎಂದೆ. ನನ್ನ ಕಡೆ ತಿರುಗಿ, "ಅವಳು ಹೇಳಿದ್ದು ನಂಗೂ ಬೇಡ ಸಿಸ್ಟರ್" ಎಂದು ಬಾಗಿಲನ್ನು ನೀನೇ ಎಳೆದುಕೊಂಡು ಹೋದೆ.

ಊರಿನಲ್ಲಿ ಬೇರೆ ಆಸ್ಪತ್ರೆಗಳಿರಲಿಲ್ಲವೇ? ಇದ್ದವು. ನೀನು ನನ್ನ ಹತ್ತಿರವೇ ಕರೆತಂದೆ. ಈ ಕೆಲಸ ಕೊಟ್ಟವರು ಎಷ್ಟೋ ಪ್ರಮಾಣಪತ್ರ ಕೊಟ್ಟಿದ್ದಾರೆ. ಆ ಬಾಗಿಲು ಮುಚ್ಚಿದ ಸದ್ದಿನಷ್ಟು ದೊಡ್ಡದು ಯಾವುದೂ ಇಲ್ಲ. ನಾನು ನಿನಗೆ ಋಣಿ, ಭವ್ಯಾ. ಕ್ಷಮೆ ಕೇಳುವುದಕ್ಕಿಂತ ಮೊದಲು ಇದನ್ನು ಹೇಳಬೇಕೆನಿಸಿತು.

ಫೋನಿನಲ್ಲಿ ನೀನು ನಕ್ಕೆ. "ಬರೀರಿ ಸಿಸ್ಟರ್. ಚಿಗಳಿ ಮಾತ್ರ ಬಿಡ್ಬೇಡಿ, ಅದೇನೋ ಚೆನ್ನಾಗಿತ್ತು." ನನಗೆ ನಗು ಬರಲಿಲ್ಲ.

ಆ ಮಗು ಅವತ್ತು ನನ್ನ ಹತ್ತಿರ ಹೇಳಿದ್ದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ — ಅದನ್ನೂ ನಾನು ಹೇಳುವುದಿಲ್ಲ.