ಪೇಚಿಯಮ್ಮ ದಂಡಿಗೆ ಸೇರಿದ್ದು

ಮಲಯದ ರಬ್ಬರ್ ತೋಟವೊಂದರ ಶಾಲೆಯಲ್ಲಿ ನಾನು ಮೂವತ್ತೊಂದು ವರ್ಷ ಪಾಠ ಹೇಳಿದೆ. ನನ್ನ ಶಿಷ್ಯರಲ್ಲಿ ಸೈನ್ಯ ಸೇರಿದ ಹುಡುಗಿ ಪೇಚಿಯಮ್ಮ ಒಬ್ಬಳೇ. ಮೂರನೆಯ ತರಗತಿಗೇ ಶಾಲೆ ಬಿಟ್ಟು, ಮರದಿಂದ ಹಾಲು ಇಳಿಸುವ ಚೂರಿ ಹಿಡಿದವಳು.

ತೋಟದಲ್ಲಿ ಒಂದು ಪದ್ಧತಿಯಿತ್ತು. ಸೈಕಲ್ಲಿನಲ್ಲಿ ಹೋಗುವ ಕೂಲಿಗೆ ದೊರೆ ಎದುರಾದರೆ ಅವನು ಇಳಿದು, ತಲೆವಸ್ತ್ರ ತೆಗೆದು ನಿಲ್ಲಬೇಕು. ಯುದ್ಧ ಬಂದು, ಜಪಾನಿನವರು ನುಗ್ಗಿ, ಬಿಳಿ ದೊರೆ ಓಡಿಹೋದ ಮೇಲೆ ಗುಮಾಸ್ತ ತಂಗವೇಲು ಪಿಳ್ಳೆಯವರು ಆ ಮರ್ಯಾದೆಯನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಂಡಿದ್ದರು.

೧೯೪೩ರ ಕೊನೆಯಲ್ಲಿ ಒಂದು ಮಧ್ಯಾಹ್ನ, ಭಾರತದ ಬಿಡುಗಡೆಗೆಂದು ಕಟ್ಟಿದ ಹೆಣ್ಣು ಪಡೆಗೆ ಆಳು ಸೇರಿಸಲು ಶಾಲೆಯ ಮುಂದೆ ಲಾರಿಯೊಂದು ಬಂದು ನಿಂತಿತು. ಖಾಕಿ ಷರಾಯಿ ತೊಟ್ಟ ಹವಾಲ್ದಾರಳೊಬ್ಬಳು ಇಳಿದಳು. ಅದೇ ಹೊತ್ತಿಗೆ ಸೈಕಲ್ಲಿನಲ್ಲಿ ಬಂದ ಪಿಳ್ಳೆಯವರು ಅವಳನ್ನು ಕಂಡದ್ದೇ ತಡ, ಚಕ್ಕನೆ ಇಳಿದು ಟೊಪ್ಪಿಗೆ ತೆಗೆದರು!

ಅಕ್ಕಪಕ್ಕದ ತೋಟಗಳಿಂದ ಬಂದು ಹೆಸರು ಕೊಡಲು ನಿಂತವರೆಲ್ಲ, ಸೇರುವುದು ತಾವು ಕಂಡರಿಯದ ತಾಯ್ನಾಡಿಗಾಗಿ ಎಂದರು. ಪೇಚಿಯ ಸರದಿ ಬಂತು.

“ನೀನು ಯಾಕಮ್ಮ ಸೇರ್ತೀಯ?”

“ಸುಳ್ಳು ಯಾಕಕ್ಕಾ ಹೇಳ್ಲಿ? ನಮ್ಮಪ್ಪ ಜೀವಮಾನವೆಲ್ಲ ಸೈಕಲ್ ಹತ್ತಿದ್ದಕ್ಕಿಂತ ಇಳಿದಿದ್ದೇ ಜಾಸ್ತಿ. ಇವತ್ತು ಆ ಪಿಳ್ಳೆ ಇಳಿದ, ಅದೂ ಒಬ್ಬ ಹೆಂಗಸನ್ನ ನೋಡಿ! ಆ ಷರಾಯಿ ನನಗೂ ಒಂದು ಕೊಡಿ.”

“ಜೊತೆಗೆ ಬಂದೂಕನ್ನೂ ಹೊರಬೇಕು ಕಣಮ್ಮ.”

“ಎರಡು ಬಕೀಟು ಹಾಲು ಹೊತ್ತ ಭುಜ ಇದು. ಬಂದೂಕಿಗೆ ನೋವಾಗದೆ ಇದ್ರೆ ಸಾಕು.”

ಹವಾಲ್ದಾರಳು ನಕ್ಕಳು. ಆದರೆ ಪೇಚಿಗೆ ಹತ್ತೊಂಬತ್ತೇ ವರ್ಷ. ತಂದೆಯ ಹೆಬ್ಬೆಟ್ಟು ಬೇಕು, ಲಾರಿ ನಾಲ್ಕು ಗಂಟೆಗೆ ಹೊರಡುತ್ತದೆ ಎಂದಳು. ಒಪ್ಪಿಗೆಯ ಕಾಗದ ತುಂಬಿಸಿಕೊಂಡು ನಾನೂ ಪೇಚಿಯ ಜೊತೆ ಹೋದೆ.

ಅವಳ ತಂದೆ ವೀರಮುತ್ತು ಮರಗೆಣಸು ಸುಲಿಯುತ್ತಿದ್ದ. “ಆಗಲ್ಲ. ಷರಾಯಿ ಹಾಕಿದೋಳನ್ನ ಯಾವನು ಕಟ್ಟಿಕೊಳ್ತಾನೆ?”

“ಷರಾಯಿಗೆ ಹೆದರೋ ಗಂಡು ನನಗೇ ಬೇಡಪ್ಪಾ.”

“ಬಾಯಿ ನೋಡಿ ಮೇಷ್ಟ್ರೇ! ಪಿಳ್ಳೆಯವರನ್ನ ಕೇಳ್ಕೊಂಡು ಬರ್ತೀನಿ. ಅವರು ಹೇಳಿದ ಹಾಗೆ.”

ನಮ್ಮ ತೋಟದಲ್ಲಿ ಮದುವೆಯಿರಲಿ, ಮಗುವಿಗೆ ಕಿವಿ ಚುಚ್ಚಿಸುವುದಿರಲಿ, ಕಚೇರಿಯಲ್ಲಿ ಕೇಳದೆ ಯಾರೂ ಮಾಡುತ್ತಿರಲಿಲ್ಲ. ಪೇಚಿಯ ಮುಖ ಬಾಡಿತು. ಮೂವರೂ ಕಚೇರಿಗೆ ನಡೆದೆವು.

ಪಿಳ್ಳೆಯವರು ತಲೆಯೆತ್ತಲಿಲ್ಲ. “ಹೆಣ್ಣಿಗೆ ಸೈನ್ಯವಂತೆ! ನಾನು ಒಪ್ಪಲ್ಲ. ನನ್ನ ಚೀಟಿ ಇಲ್ಲದೆ ಅವಳು ಗೇಟು ದಾಟೋ ಹಾಗಿಲ್ಲ. ಹೋಗೋ, ನಿನ್ನ ಮರ ನೋಡ್ಕೋ.”

ಅಲ್ಲಿಗೆ ಮುಗಿಯಿತೆಂದುಕೊಂಡೆ. ವೀರಮುತ್ತು ಮಾತ್ರ ಕದಲಲಿಲ್ಲ.

“ಸ್ವಾಮಿ, ನಾನೂ ಬೇಡ ಅಂದೆ. ನಾನು ಹೆತ್ತೋನು, ಅನ್ನಬಹುದು. ನೀವ್ಯಾರು ಅನ್ನೋಕೆ?”

“ಏನಂದೆಯೋ?”

“ಮೇಷ್ಟ್ರೇ, ಆ ಕಾಗದ ಇತ್ತ ಕೊಡಿ.”

ಪಿಳ್ಳೆಯವರ ಮೇಜಿನ ಮೇಲಿದ್ದ ಶಾಯಿಯ ಮೆತ್ತೆಯಲ್ಲೇ ಹೆಬ್ಬೆರಳು ಅದ್ದಿ ಒತ್ತಿಬಿಟ್ಟ. ಎಲ್ಲಿ ಒತ್ತಬೇಕೆಂದು ತೋರಿಸಲೂ ಬಿಡಲಿಲ್ಲ. ಗುರುತು ಮಗಳ ಹೆಸರಿನ ಮೇಲೆಯೇ ಬಿತ್ತು. ಶಾಲೆಗೆ ಮರಳಿದಾಗ ಹವಾಲ್ದಾರಳು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ನಡೆಯುತ್ತದೆ ಎಂದಳು.

ಲಾರಿ ಹೊರಟಿತು; ದಂಡಿನ ಲಾರಿಗೆ ಗೇಟಿನಲ್ಲಿ ಯಾರೂ ಚೀಟಿ ಕೇಳಲಿಲ್ಲ. ಪೇಚಿ ಕೈಬೀಸಿದ್ದೇ ಬೀಸಿದ್ದು. ಧೂಳು ಇಳಿಯುವವರೆಗೂ ವೀರಮುತ್ತು ಅಲ್ಲೇ ನಿಂತಿದ್ದ.

“ಮೇಷ್ಟ್ರೇ, ಹೆಬ್ಬೆಟ್ಟು ಒತ್ತಿದ್ದನ್ನ ವಾಪಸ್ ತಗೊಳ್ಳೋಕಾಗುತ್ತಾ?”

“ಆಗಲ್ಲಪ್ಪ.”

“ಸದ್ಯ,” ಎಂದ. “ಆಗೋದಾಗಿದ್ರೆ ಈಗಲೇ ಹಿಂದೆ ಓಡ್ತಿದ್ದೆ.”