ಗ್ಯಾರೇಜಿನ ಅಡುಗೆಮನೆ

ಆ ಬೇಸಿಗೆಯಲ್ಲಿ ನನ್ನ ಕೂದಲು ಒಣಗಿದ್ದೇ ಇಲ್ಲ. ದಿನಕ್ಕೆ ನಾಲ್ಕೈದು ಸಲ ತಲೆಗೆ ಸ್ನಾನ. ನಾವಿದ್ದ ಊರು ಫ್ಲವರ್ ಮೌಂಡ್‌ನ ಬಿಸಿಲಿಗೆ ಹಿತ್ತಲಿನ ಹುಲ್ಲೆಲ್ಲ ಹುರಿದ ಶಾವಿಗೆಯ ಬಣ್ಣಕ್ಕೆ ತಿರುಗಿದ್ದರೂ ನನ್ನ ಜಡೆಯ ತುದಿಯಿಂದ ಮಾತ್ರ ನೀರು ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಕಾರಣ ಇಷ್ಟೇ: ನಾನು ದಿನಕ್ಕೆ ನಾಲ್ಕೈದು ಸಲ ಗ್ಯಾರೇಜಿಗೆ ಹೋಗಿ ಕೋಳಿಮಾಂಸ ಕತ್ತರಿಸುತ್ತಿದ್ದೆ.

ಮಗಳು ಸಾಕಿದ ಫೆರೆಟ್ಟಿಗಾಗಿ. ಫೆರೆಟ್ ಅಂದರೆ ನೋಡಲು ನಮ್ಮ ಮುಂಗುಸಿಯ ದಾಯಾದಿಯ ಹಾಗೆ. ಉದ್ದ ಮೈ, ಗಿಡ್ಡ ಕಾಲು, ಕಣ್ಣಿನ ಸುತ್ತ ಯಾರೋ ಕಾಡಿಗೆ ತೀಡಿ ಕೆಡಿಸಿದಂಥ ಪಟ್ಟಿ. ಹೈಸ್ಕೂಲಿನಲ್ಲಿದ್ದಾಗ ಹಟ ಮಾಡಿ ತಂದಳು. ಅವಳಿಟ್ಟ ಹೆಸರು ನನ್ನ ಬಾಯಿಗೆ ಸರಿಯಾಗಿ ಬರಲಿಲ್ಲ, ನಾನು ಮರಿ ಎಂದೇ ಕರೆದೆ. ಓದಲು ಆಸ್ಟಿನ್‌ಗೆ ಹೋದಾಗ ಅಲ್ಲಿನ ಹಾಸ್ಟೆಲಿನಲ್ಲಿ ಪ್ರಾಣಿಗಳಿಗೆ ಜಾಗವಿಲ್ಲವೆಂದು ಮರಿ ನನ್ನ ಪಾಲಿಗೆ ಉಳಿಯಿತು. ಅದೇ ಚಳಿಗಾಲದಲ್ಲಿ ನನ್ನ ಗಂಡನ ಕೆಲಸ ಹ್ಯೂಸ್ಟನ್‌ಗೆ ಶಿಫ್ಟ್ ಆಯಿತು. ಅಲ್ಲೇ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿ ಒಂದು ರೂಮು ಹಿಡಿದರು. ಭಾನುವಾರ ಸಂಜೆ ಹೊರಟರೆ ಮತ್ತೆ ಮನೆ ಕಾಣುತ್ತಿದ್ದುದು ಶುಕ್ರವಾರ ರಾತ್ರಿ. ನಡುವಿನ ದಿನಗಳಲ್ಲಿ ನಾಲ್ಕು ಬೆಡ್‌ರೂಮಿನ ಆ ಮನೆಯಲ್ಲಿ ನಾನು, ಮರಿ, ಮತ್ತು ತಾನಾಗಿ ಆನ್ ಆಗಿ ತಾನಾಗಿ ಆಫ್ ಆಗುವ ಏಸಿ.

ಮಗಳು ದಿನಾ ಸಂಜೆ ತಪ್ಪದೆ ಫೋನ್ ಮಾಡುತ್ತಿದ್ದಳು. ಗೆಳತಿಯರ ಹತ್ತಿರ ನಾನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ. ಏನು ಮಾತಾಡುತ್ತಿದ್ದಳು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

"ಹೌ ಈಸ್ ಹಿ, ಅಮ್ಮಾ? ತಿಂದ್ನಾ? ಪೂಪ್ ಹೇಗಿದೆ?"

"ಚೆನ್ನಾಗಿದೆ ಕಣೆ. ನಾನೂ ಇವತ್ತು..."

"ಓಕೆ, ಲ್ಯಾಬ್‌ಗೆ ಲೇಟ್ ಆಯ್ತು, ಬೈ."

ಬೇಸಿಗೆ ರಜೆಗೂ ಬರಲಿಲ್ಲ, ಅಲ್ಲೇ ಯಾವುದೋ ಇಂಟರ್ನ್‌ಶಿಪ್ ಸಿಕ್ಕಿತು. ಆ ಫೋನು ಬರುವುದು ಮರಿಯ ಲೆಕ್ಕಕ್ಕೆ, ನನ್ನ ಲೆಕ್ಕಕ್ಕಲ್ಲ ಎಂದು ನನಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಬೇಜಾರಿರಲಿಲ್ಲ. ಮರಿ ಇರುವವರೆಗೆ ಬರುತ್ತದಲ್ಲ ಅಂದುಕೊಂಡಿದ್ದೆ.

ಮೇ ತಿಂಗಳ ಒಂದು ಬೆಳಿಗ್ಗೆ ಮರಿ ಗೋಡೆಯನ್ನೇ ನೋಡುತ್ತ ನಿಂತುಬಿಟ್ಟಿತು. ಕರೆದರೆ ತಿರುಗಲಿಲ್ಲ. ಹಿಂಗಾಲು ಎಳೆಯುತ್ತಿತ್ತು, ಬಾಯಲ್ಲಿ ಜೊಲ್ಲು. ಟವೆಲಿನಲ್ಲಿ ಸುತ್ತಿ ಡಾಕ್ಟರ ಹತ್ತಿರ ಓಡಿದೆ. ಹೊಟ್ಟೆಯೊಳಗೆ ಸಣ್ಣ ಗಂಟುಗಳಾಗಿವೆ, ಅದರಿಂದ ರಕ್ತದಲ್ಲಿ ಸಕ್ಕರೆ ಇಳಿದುಹೋಗುತ್ತದೆ ಎಂದರು ಆಕೆ. ಔಷಧಿ ಬರೆದುಕೊಟ್ಟರು. ನಾನು ಹಾಕುತ್ತಿದ್ದ, ಕಾಳಿನ ಹಾಗಿರುವ ಒಣ ಪ್ಯಾಕೆಟ್ ತಿನಿಸಿನಲ್ಲಿ ಹಿಟ್ಟೇ ಹೆಚ್ಚು, ನಿಧಾನವಾಗಿ ಬಿಡಿಸಿ ಹಸಿ ಮಾಂಸಕ್ಕೆ ತನ್ನಿ ಎಂದರು. "ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಹಸಿವಿನಲ್ಲಿ ಬಿಡಬಾರದು" ಎಂಬ ಮಾತನ್ನು ಎರಡು ಸಲ ಹೇಳಿದರು. ಮಂಕಾದರೆ ಮೊದಲು ವಸಡಿಗೆ ಜೇನು ಸವರಿ, ಎಚ್ಚರಾದ ಮೇಲೆ ಮಾಂಸ ತಿನ್ನಿಸಬೇಕು. ಎಲ್ಲವನ್ನೂ ನೋಟ್ ಮಾಡಿಕೊಂಡೆ. ಮಗಳು ಕೇಳಿಸಿಕೊಂಡು, ಅದನ್ನು ಫ್ರಿಜ್ ಬಾಗಿಲ ಮೇಲೆ ಅಂಟಿಸು ಎಂದಳು, ಅಂಟಿಸಿದೆ.

ನಮ್ಮ ಮನೆಗೆ ಮೊಟ್ಟೆ ಕೂಡ ಬಂದಿರಲಿಲ್ಲ. ಕಾನ್ವೆಂಟಿನಲ್ಲಿ ಓದುವಾಗ ನನ್ನ ಬೆಂಚಿನ ಹುಡುಗಿ ಮಧ್ಯಾಹ್ನ ಕರಿದ ಮೀನು ತರುತ್ತಿದ್ದಳು. ನಾನು ಗೋಡೆಗೆ ಮುಖ ಮಾಡಿ ಕೂತು ಮೊಸರನ್ನ ತಿನ್ನುತ್ತಿದ್ದೆ. ಸಿಸ್ಟರ್ ಒಂದು ದಿನ ನೋಡಿದರು. ಬೈಯಲಿಲ್ಲ, ಸುಮ್ಮನೆ ನನ್ನ ಎರಡು ಭುಜ ಹಿಡಿದು ಅವಳ ಕಡೆ ತಿರುಗಿಸಿ ಕೂರಿಸಿ ಹೋದರು. ಅವರು ಆಚೆ ಹೋದ ಮೇಲೆ ನಾನು ಮತ್ತೆ ಗೋಡೆಯ ಕಡೆಗೇ ತಿರುಗಿಕೊಂಡೆ.

ಗಂಡನಿಗೆ ಫೋನಿನಲ್ಲಿ ಹೇಳಿದೆ.

"ನಮ್ಮನೇಲಿ ಕೋಳಿನಾ? ನಿನ್ ಕೈಲಾಗುತ್ತೇನೆ?"

"ಆಗುತ್ತೋ ಬಿಡುತ್ತೋ, ಮಾಡ್ಬೇಕಲ್ಲ. ನೀವು ಬಂದು ಕತ್ತರಿಸಿಕೊಡ್ತೀರಾ?"

"ಶುಗರ್ ಲ್ಯಾಂಡಿಂದ ಅಷ್ಟುದ್ದ ಚಾಕು ಎಲ್ಲಿ ತರ್ಲಿ?" ಎಂದು ನಕ್ಕರು. ಆಮೇಲೆ ಮೆತ್ತಗೆ, "ಗ್ಯಾರೇಜಲ್ಲಿ ಮಾಡು. ಒಳಗೆ ಬೇಡ" ಎಂದರು.

ಹತ್ತಿರದ ಇರ್ವಿಂಗ್‌ನಲ್ಲಿ ನಾನು ತರಕಾರಿ ಕೊಳ್ಳುವ ಅಂಗಡಿಯ ಪಕ್ಕದಲ್ಲೇ ಮಾಂಸದಂಗಡಿ. ಅಷ್ಟು ವರ್ಷ ಅದರ ಮುಂದೆ ಉಸಿರು ಹಿಡಿದು ದಾಟಿದವಳು ಅವತ್ತು ಒಳಗೆ ಹೋಗಿ ನಿಂತೆ. ಅಂಗಡಿಯವರು ಬಿಳಿಗಡ್ಡದ ಹಿರಿಯರು.

"ಬೋಲಿಯೇ ಬೆಹೆನ್‌ಜಿ, ಕರಿ ಕಟ್ ಯಾ ಬಿರಿಯಾನಿ ಕಟ್?" ತುಂಡು ಸಾರಿಗೋ ಬಿರಿಯಾನಿಗೋ ಎಂಬ ಪ್ರಶ್ನೆ.

ಕೋಳಿಯ ಹೃದಯ, ಲಿವರು, ಸಣ್ಣ ರೆಕ್ಕೆ ಬೇಕು ಎಂದು ನನ್ನ ಹರುಕು ಹಿಂದಿಯಲ್ಲಿ ಹೇಳಿದೆ. ಎಷ್ಟು ಜನ ಅತಿಥಿಗಳು ಎಂದು ಕೇಳಿದರು. ಒಬ್ಬನೇ, ಇಷ್ಟುದ್ದ ಎಂದು ಕೈ ಅಗಲಿಸಿ ತೋರಿಸಿದೆ. ಫೋನಿನಲ್ಲಿದ್ದ ಫೋಟೊ ನೋಡಿದ ಮೇಲೆ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುಂದಿನ ವಾರದಿಂದ ನಾನು ಬಾಗಿಲಲ್ಲಿ ಕಂಡರೆ ಸಾಕು, "ಮುಂಗುಸಿ ಸಾಹೇಬರು ಹೇಗಿದ್ದಾರೆ?" ಎಂದು ಹಿಂದಿಯಲ್ಲಿ ಕೂಗುತ್ತಿದ್ದರು. ಕೆಲವು ವಾರಗಳಲ್ಲಿ ಗಂಡ ಬರುವವರೆಗೆ ನನ್ನ ಮುಖ ನೋಡಿ ಮಾತಾಡಿಸಿದವರೆಂದರೆ ಅವರೊಬ್ಬರೇ.

ಮಗಳ ಹಾಸ್ಟೆಲಿಗೆಂದು ಕೊಂಡು, ಕಾರಿನಲ್ಲಿ ಹಿಡಿಸದೆ ಬಿಟ್ಟುಹೋದ ಪುಟ್ಟ ಫ್ರಿಜ್ ಗ್ಯಾರೇಜಿನಲ್ಲಿತ್ತು. ಅದರ ಪಕ್ಕ ಇಸ್ಪೀಟಿನ ಮೇಜು, ಒಂದು ಹಲಗೆ, ಒಂದು ಕತ್ತರಿ, ಕೈಗವಸು. ಡಬ್ಬಿಗಳಿಗೆ ಲೇಬಲ್ ಬರೆದು ಅಂಟಿಸಿದೆ. ಸಿಸ್ಟರ್ ಕಲಿಸಿದ ದುಂಡು ಕೂಡಕ್ಷರದಲ್ಲಿ "ಹಾರ್ಟ್", "ಲಿವರ್" ಎಂದು ಬರೆದಿದ್ದನ್ನು ನೋಡಿದರೆ ಬಹುಮಾನ ಕೊಡುವಷ್ಟು ಚೆನ್ನಾಗಿತ್ತು. ಮೊದಲ ದಿನ ಕತ್ತರಿಸಿ ಬಂದು ಸ್ನಾನ ಮಾಡಿದೆ, ಆಮೇಲೆ ಅದೇ ರೂಢಿಯಾಯಿತು.

ಮರಿ ಮಾತ್ರ ಮೂಸಿಯೂ ನೋಡಲಿಲ್ಲ. ಬಟ್ಟಲಿನ ಸುತ್ತ ನೆಲ ಕೆರೆದು, ಹೂತುಹಾಕುವವರ ಹಾಗೆ ಮಾಡಿ ಹೊರಟುಹೋಯಿತು.

"ಒಂದು ಕುದಿ ಬರಿಸ್ಲೇನೆ?" ಎಂದು ಮಗಳನ್ನು ಕೇಳಿದೆ.

"ನೋ, ನೋ! ಬೇಯಿಸಿದ್ರೆ ಬೋನ್ ಚೂಪಾಗಿ ಒಡೆಯುತ್ತೆ, ಗಂಟಲಿಗೆ ಚುಚ್ಚುತ್ತೆ. ಒಗ್ಗರಣೆ ಗಿಗ್ಗರಣೆ ಹಾಕ್ಬೇಡ, ಅಮ್ಮಾ!"

ಹಳೆಯ ಕಾಳನ್ನೇ ನೀರಿನಲ್ಲಿ ನೆನೆಸಿ ಅರೆದು, ಅದರಲ್ಲಿ ಉಗುರಿನಷ್ಟು ಹಸಿ ಕೈಮಾ ಬೆರೆಸಿದೆ. ಬೆರಳ ತುದಿಯಲ್ಲಿ ತೆಗೆದು ಹಲ್ಲಿಗೆ ಸವರಿದೆ. ಮುಖ ಸಿಂಡರಿಸಿತು, ಆದರೂ ನೆಕ್ಕಿಕೊಂಡಿತು. ಮರುದಿನ ಕೈಮಾ ಇನ್ನೊಂದು ಚೂರು ಹೆಚ್ಚು, ಕಾಳು ಒಂದು ಚೂರು ಕಡಿಮೆ. ಎಷ್ಟೋ ವರ್ಷಗಳ ಹಿಂದೆ ಮಗಳಿಗೆ ರಾಗಿ ಗಂಜಿ ಬಿಡಿಸಿ ಅನ್ನ ಅಭ್ಯಾಸ ಮಾಡಿಸಿದ್ದೂ ಹೀಗೆಯೇ. ಮೂರನೆಯ ವಾರ ಇಡೀ ಕೋಳಿಹೃದಯವನ್ನು ಬಾಯಲ್ಲಿ ಕಚ್ಚಿಕೊಂಡು ಸೋಫಾ ಕೆಳಗೆ ಓಡಿದಾಗ ಕೂಡಲೇ ಮಗಳಿಗೆ ಫೋನ್ ಮಾಡಿದೆ. ಆಫೀಸಿನಲ್ಲೇ ಕಿರುಚಿದಳಂತೆ. "ಯು ಆರ್ ದಿ ಬೆಸ್ಟ್" ಎಂದಳು. ಅದನ್ನು ನೆನೆಸಿಕೊಂಡೇ ನಾನು ಎರಡು ದಿನ ಓಡಾಡಿದೆ.

ಜುಲೈ ಮುಗಿಯುವಷ್ಟರಲ್ಲಿ ಕಾಳು ಪೂರ್ತಿ ಬಿಟ್ಟಿತು. ಮೈಗೆ ಹೊಳಪು ಬಂತು. ಆದರೆ ಈ ಜಾತಿಗೆ ತಿಂದುಳಿದದ್ದನ್ನು ಬಚ್ಚಿಡುವ ಚಟ. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನವಿದೆ ಅನ್ನುವಾಗ ದೇವರಮನೆಯಲ್ಲಿ ಏನೋ ವಾಸನೆ. ನಮ್ಮ ದೇವರಮನೆ ಎಂದರೆ ಕೋಟು ತೂಗುಹಾಕುವ ಕಪಾಟನ್ನೇ ಬದಲಾಯಿಸಿಕೊಂಡದ್ದು. ಮಂಟಪ ಸರಿಸಿ ನೋಡಿದರೆ, ಹಿಂದೆ ಮೂರು ರೆಕ್ಕೆ, ಒಂದು ಲಿವರು, ನನ್ನ ಒಂದು ಕಾಲುಚೀಲ.

ನಾನು ಅತ್ತೆ. ಕಪಾಟನ್ನು ಮೂರು ಸಲ ತೊಳೆದೆ. ಹಬ್ಬದ ದಿನ ಪೂಜೆ ಮುಗಿಯುವವರೆಗೆ ಮಾಂಸ ಮುಟ್ಟುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ. ಗುರುವಾರ ರಾತ್ರಿ ಮಲಗುವ ಮುಂಚೆ ಹೊಟ್ಟೆ ತುಂಬ ತಿನ್ನಿಸಿ, ದಿನಾ ರಾತ್ರಿಗೆಂದು ಬಟ್ಟಲಿನಲ್ಲಿ ಬಿಡುತ್ತಿದ್ದ ಮಾಂಸವನ್ನೂ ಇಡದೆ, ಉಳಿದ ಡಬ್ಬಿಗಳನ್ನೆಲ್ಲ ಫ್ರೀಜರಿಗೆ ಹಾಕಿದೆ. ಬೆಳಿಗ್ಗೆ ಬಟ್ಟಲಿಗೆ ಹಳೆಯ ಕಾಳು ಸುರಿದೆ. ಅದು ನೋಡಿ ಸುಮ್ಮನೆ ಮಲಗಿತು. ನಾನೂ ಉಪವಾಸ, ಅದೂ ಒಂದೊಪ್ಪೊತ್ತು ಇರಲಿ, ಮನೆಯಲ್ಲಿ ಹಬ್ಬ ಅಂದರೆ ಎಲ್ಲರಿಗೂ ತಾನೇ ಅಂದುಕೊಂಡೆ. ಫ್ರಿಜ್ ಬಾಗಿಲಿನ ಚೀಟಿ ನನ್ನ ಕಣ್ಣೆದುರೇ ಇತ್ತು. ಅದನ್ನು ದಾಟಿಯೇ ಹಾಲು ತೆಗೆದೆ, ಮೊಸರು ತೆಗೆದೆ.

ಕಲಶಕ್ಕೆ ಸೀರೆ ಉಡಿಸಿ, ಆರತಿ ಮುಗಿಸಿದಾಗ ಹನ್ನೊಂದಾಗಿತ್ತು. ಹನ್ನೊಂದೂವರೆಗೆ ಕುಂಕುಮಕ್ಕೆ ನಾಲ್ವರು ಗೆಳತಿಯರು ಬರುವವರಿದ್ದರು. ತಾಂಬೂಲದ ತಟ್ಟೆ ಜೋಡಿಸುತ್ತ ಮರಿಯನ್ನು ಕರೆದೆ. ಬರಲಿಲ್ಲ. ಮೆಟ್ಟಿಲ ಕೆಳಗೆ ಬಟ್ಟೆಯ ಹಾಗೆ ಬಿದ್ದಿತ್ತು. ಎತ್ತಿದರೆ ಕತ್ತು ನಿಲ್ಲಲಿಲ್ಲ, ಕಣ್ಣು ಅರ್ಧ ತೆರೆದಿತ್ತು.

ಪಂಚಾಮೃತಕ್ಕೆಂದು ತೆರೆದ ಜೇನಿನ ಬಾಟಲಿ ದೇವರ ಮುಂದೆಯೇ ಇತ್ತು. ಬೆರಳದ್ದಿ ವಸಡಿಗೆ ಸವರಿದೆ, ಮತ್ತೆ ಸವರಿದೆ. ಹಾಗೇ ಅದನ್ನು ಸೆರಗಿನಲ್ಲಿ ಎತ್ತಿಕೊಂಡು ಗ್ಯಾರೇಜಿಗೆ ಹೋದೆ. ಡಬ್ಬಿಯಲ್ಲಿದ್ದದ್ದೆಲ್ಲ ಕಲ್ಲಾಗಿತ್ತು. ಕತ್ತರಿಯ ತುದಿಯಿಂದ ಒಂದು ಹೃದಯವನ್ನು ಬಿಡಿಸಿ ಬರಿಗೈಯಲ್ಲಿ ಮುಚ್ಚಿ ಹಿಡಿದೆ. ರೇಷ್ಮೆ ಸೀರೆಯ ಮೇಲೆ ಕೆಂಪು ನೀರು ಇಳಿಯಿತು. ಮಡಿಲಿನಲ್ಲಿ ಮರಿ, ಅಂಗೈಯಲ್ಲಿ ಆ ಮಂಜುಗಡ್ಡೆ. ಇದು ಸತ್ತರೆ ಸಂಜೆ ಆರೂವರೆಗೆ ಆ ಫೋನು ಬಂದಾಗ ಏನು ಹೇಳಲಿ, ನಾಳೆಯಿಂದ ಯಾಕೆ ಬರುತ್ತದೆ ಎಂದೇ ಯೋಚಿಸುತ್ತಿದ್ದೆ. ಪ್ರಾಣಿಯ ಜೀವ ಹೋಗುತ್ತಿದೆ, ನಾನು ನನ್ನ ಫೋನಿನ ಚಿಂತೆಯಲ್ಲಿದ್ದೆ. ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಬಾಗಿಲ ಗಂಟೆ ಸದ್ದಾಯಿತು. ಮತ್ತೆ ಸದ್ದಾಯಿತು. "ಕಾರ್ ಇಲ್ಲೇ ಇದೆಯಲ್ಲ, ಸ್ನಾನಕ್ಕೆ ಹೋಗಿರ್ಬೇಕು" ಎಂದು ಒಬ್ಬರು. "ಎಷ್ಟು ಸ್ನಾನ ಮಾಡ್ತಾರಪ್ಪ ಇವ್ರು!" ಎಂದು ಇನ್ನೊಬ್ಬರು. ನಗು. ಗ್ಯಾರೇಜಿನ ಬಾಗಿಲಿನಾಚೆಯೇ ನಿಂತಿದ್ದರು. ನಾನು ಉಸಿರೆತ್ತಲಿಲ್ಲ. ಎರಡು ಕಾರು ಸ್ಟಾರ್ಟ್ ಆಗಿ ಹೋದವು.

ಆಮೇಲೆ ಬೆರಳಿಗೆ ಏನೋ ಒರಟಾಗಿ ತಾಗಿತು. ಮರಿಯ ನಾಲಿಗೆ. ಕರಗಿದ ಅಂಚನ್ನು ಕತ್ತರಿಯಿಂದ ಎಳೆ ಎಳೆಯಾಗಿ ಬಿಡಿಸಿ ಒಂದೊಂದೇ ಕೊಟ್ಟೆ.

ಸಂಜೆ ಮಗಳಿಗೆ ಸುಳ್ಳು ಹೇಳಲಾಗಲಿಲ್ಲ.

"ಚೀಟಿ ಅಂಟಿಸಿದ್ದೆ ಅಲ್ವಾ?" ಎಂದಳು.

"ಅಂಟಿಸಿದ್ದೆ."

"ದೆನ್ ವೈ, ಅಮ್ಮಾ?"

ಹಬ್ಬ ಎಂದೆ. ಅವಳು ಫೋನ್ ಇಟ್ಟುಬಿಟ್ಟಳು. ಶನಿವಾರ ಫೋನು ಬರಲಿಲ್ಲ. ಭಾನುವಾರವೂ ಇಲ್ಲ.

ಹ್ಯೂಸ್ಟನ್‌ನಿಂದ ಶುಕ್ರವಾರ ರಾತ್ರಿಯೇ ಬಂದ ಗಂಡ ಒಬ್ಬರೇ ಕೂತು ತಣ್ಣಗಿನ ಹೋಳಿಗೆ ತಿನ್ನುತ್ತ ಎಲ್ಲ ಕೇಳಿಸಿಕೊಂಡಿದ್ದರು. ಭಾನುವಾರ ಹೊರಡುವ ಮುಂಚೆ ಆ ಪುಟ್ಟ ಫ್ರಿಜ್ಜನ್ನು ಅಡುಗೆಮನೆಗೆ ತರೋಣವೇ ಎಂದು ಕೇಳಿದೆ. ನನ್ನ ಒದ್ದೆ ಕೂದಲನ್ನು ನೋಡಿದರು, ಒಣಹಾಕಿದ್ದ ಸೀರೆಯ ಕಲೆ ನೋಡಿದರು.

"ಆ ಕಡೆ ಹಿಡ್ಕೋ" ಎಂದರು.

ಸೋಮವಾರ ಕತ್ತರಿಸಿದ ಮೇಲೆ ಕೈ ಮಾತ್ರ ತೊಳೆದುಕೊಂಡೆ. ಸಂಜೆ ಬೇಗ ಹಸಿವಾಯಿತು. ಅಷ್ಟು ದಿನ ಸಿಂಕಿನ ಮುಂದೆ ನಿಂತೇ ತಿನ್ನುತ್ತಿದ್ದವಳು ತಟ್ಟೆಗೆ ಮೊಸರನ್ನ ಹಾಕಿಕೊಂಡು ಒಂದು ಹಪ್ಪಳ ಸುಟ್ಟು, ಅಡುಗೆಮನೆಯ ನೆಲದ ಮೇಲೆ ಮರಿಯ ಬಟ್ಟಲಿಗೆ ಎದುರಾಗಿ ಕೂತೆ. ಅದು ರೆಕ್ಕೆಯ ಮೂಳೆ ಕಡಿಯುತ್ತಿತ್ತು. ವಾಸನೆ ಇತ್ತು. ಗೋಡೆಯ ಕಡೆ ತಿರುಗಬೇಕೆನಿಸಿತು, ತಿರುಗಲಿಲ್ಲ.

ಫೋನು ಬಂತು.

"ಹೌ ಈಸ್ ಹಿ?" ಧ್ವನಿ ಇನ್ನೂ ಬಿಗಿಯಾಗಿತ್ತು.

"ತಿಂತಾ ಇದೆ. ಕೇಳು" ಎಂದು ಸ್ಪೀಕರ್ ಹಾಕಿ ಫೋನನ್ನು ನೆಲದ ಮೇಲಿಟ್ಟೆ.

ಕಟಕಟ ಸದ್ದು. ಅವಳು ತುಂಬ ಹೊತ್ತು ಕೇಳಿಸಿಕೊಂಡಳು. ಆಮೇಲೆ, "ಇನ್ನೊಂದು ಸೌಂಡ್ ಏನದು?" ಎಂದಳು.

"ಅದು ನನ್ನ ಹಪ್ಪಳ."

"ಓಹ್" ಎಂದಳು. ಬೈ ಅನ್ನಲಿಲ್ಲ, ಫೋನ್ ಇಡಲೂ ಇಲ್ಲ. ಫೋನಿನ ದೀಪ ಉರಿಯುತ್ತಲೇ ಇತ್ತು, ನಾನು ಹಪ್ಪಳದ ಇನ್ನೊಂದು ತುಂಡು ಮುರಿದೆ.